ಸ್ಪ್ಯಾನಿಷ್‌ಗೆ ಕನ್ನಡದ ಕಾಲುದಾರಿ

ಕುಷ್ಟಗಿ ತಾಲ್ಲೂಕಿನಿಂದ ವಿದ್ಯಾರ್ಥಿನಿಯೊಬ್ಬಳ ಪತ್ರ ಬಂದಿದೆ. ಪಿಯುಸಿ ಎರಡನೇ ವರ್ಷ, ಕಲಾ ವಿಭಾಗ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಮೊಬೈಲಿನಲ್ಲಿ ಸ್ಪ್ಯಾನಿಷ್ ಭಾಷೆ ಕಲಿಯಲು ಶುರು ಮಾಡಿದ್ದಾಳೆ. ಅಲ್ಲಿ ಪಾಠವೆಲ್ಲ ಇಂಗ್ಲಿಷಿನ ಮೂಲಕವೇ. ಅವಳ ತೊಡಕು ಅವಳ ಮಾತಿನಲ್ಲೇ ಇರಲಿ:

"ಸರ್, ‘ಯು ಆರ್’ ಅನ್ನೋದಕ್ಕ ಒಮ್ಮೆ ‘ಎರೆಸ್’ ಅಂತೈತಿ, ಒಮ್ಮೆ ‘ಎಸ್’ ಅಂತೈತಿ, ಮತ್ತೊಮ್ಮೆ ‘ಸೊನ್’ ಅಂತೈತಿ. ‘ನಾನು’ ಅನ್ನೋದಕ್ಕ ‘ಯೊ’ ಅಂತ ಕಲಿಸಿ, ಆಮ್ಯಾಲೆ ಅದನ್ನ ಬರದ್ರೂ ಸರಿ, ಬಿಟ್ರೂ ಸರಿ ಅಂತೈತಿ. ನನಗೊಂದೂ ತಿಳೀವಲ್ದು. ‘ಇಂಗ್ಲಿಷೇ ನೆಟ್ಟಗ ಬರಂಗಿಲ್ಲ, ಸ್ಪೇನಿನ ಮಾತು ಎಲ್ಲಿ ಬರತೈತಿ, ಬಿಡವಾ’ ಅಂತಾರ ಅಪ್ಪ. ನನ್ನ ತಲೀಗೆ ವ್ಯಾಕರಣ ಹತ್ತಂಗೇ ಇಲ್ಲೇನ್ರಿ?"

ವಿಜ್ಞಾನ ಕಲಿಸುವವನಿಗೆ ಈ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ಕೆಲವು ವರ್ಷಗಳಿಂದ ಸಂಜೆಯ ಹೊತ್ತು ಈ ಭಾಷೆಯ ಪ್ರಾಥಮಿಕ ವ್ಯಾಕರಣ ಓದಿಕೊಂಡಿದ್ದೇನೆ. ಮಾತಾಡುವುದು ಅಷ್ಟಕ್ಕಷ್ಟೆ, ಓದಿದರೆ ತಿಳಿಯುತ್ತದೆ. ಅಷ್ಟರಮೇಲೆ ಹೇಳಬಲ್ಲೆ: ಈ ಹುಡುಗಿಯ ತಲೆಯಲ್ಲಿ ದೋಷವಿಲ್ಲ. ಅವಳನ್ನು ಹತ್ತಿಸಿದ ಬಸ್ಸು ತಪ್ಪು. ಕೊಪ್ಪಳಕ್ಕೆ ಹೋಗಬೇಕಾದವರನ್ನು ರಾಯಚೂರಿನ ಮೇಲೆ ಸುತ್ತಿಸಿ ಕರೆದೊಯ್ದ ಹಾಗಾಗಿದೆ.

ಒಂದು ಸಣ್ಣ ಪ್ರಯೋಗ ಮಾಡೋಣ. ಸಾಮಗ್ರಿ ಏನೂ ಬೇಡ, ಬಾಯಿ ಸಾಕು. ‘ಗಂಗಾವತಿಗೆ ಹೊಂಟೀನಿ’ ಎನ್ನಿ. ಹೊರಟವರು ಯಾರು? ನಾನು. ‘ಹೊಂಟೀವಿ’ ಎಂದರೆ ನಾವು. ‘ಹೊಂಟಾನ’ ಎಂದರೆ ಅವನು, ‘ಹೊಂಟಾಳ’ ಎಂದರೆ ಆಕೆ, ‘ಹೊಂಟೀರಿ’ ಎಂದರೆ ನೀವು. ಸರ್ವನಾಮವನ್ನು ಬಾಯಿಗೆ ತರಲೇ ಇಲ್ಲ, ಆದರೂ ಕೇಳಿದವರಿಗೆ ಎಲ್ಲ ತಿಳಿಯಿತು. ಕ್ರಿಯಾಪದದ ಬಾಲದಲ್ಲೇ ‘ಯಾರು’ ಎಂಬುದು ಅಂಟಿಕೊಂಡಿದೆ. ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಇದಕ್ಕೆ ಆಖ್ಯಾತ ಪ್ರತ್ಯಯ ಎಂಬ ಹೆಸರಿದೆ. ಎರಡು ಅಂಕದ ಪ್ರಶ್ನೆ ಎಂದು ಬಾಯಿಪಾಠ ಮಾಡಿ ಪರೀಕ್ಷೆಯ ಮರುದಿನ ಮರೆತಿರುತ್ತೀರಿ.

ಅದೇ ಪ್ರಯೋಗವನ್ನು ಇಂಗ್ಲಿಷಿನಲ್ಲಿ ಮಾಡಿ. ಬರೀ ‘ಗೋ’ ಎಂದರೆ ಯಾರು? ಐ, ಯು, ವಿ, ದೇ, ನಾಲ್ಕಕ್ಕೂ ಒಂದೇ ‘ಗೋ’. ಹೀ, ಶೀ, ಇಟ್ ಬಂದಾಗ ಮಾತ್ರ ‘ಗೋಸ್’. ಕ್ರಿಯಾಪದದ ಬಾಲ ಸವೆದು ಹೋಗಿರುವುದರಿಂದ ಆ ಭಾಷೆ ಸರ್ವನಾಮವನ್ನು ಬಿಡುವ ಹಾಗಿಲ್ಲ.

ಈಗ ಸ್ಪ್ಯಾನಿಷ್ ನೋಡಿ. ಮಾತಾಡು ಎಂಬುದಕ್ಕೆ ‘ಆಬ್ಲಾರ್’. ಆಬ್ಲೊ ಎಂದರೆ ಮಾತಾಡ್ತೀನಿ. ಆಬ್ಲಾಸ್, ಮಾತಾಡ್ತಿ. ಆಬ್ಲಾ, ಮಾತಾಡ್ತಾನ ಅಥವಾ ಮಾತಾಡ್ತಾಳ. ಆಬ್ಲಾಮೊಸ್, ಮಾತಾಡ್ತೀವಿ. ಆಬ್ಲಾನ್, ಮಾತಾಡ್ತಾರ. ನಮ್ಮ ‘ಈನಿ’ ಇರುವಲ್ಲಿ ಅವರ ‘ಒ’, ನಮ್ಮ ‘ಈವಿ’ ಇರುವಲ್ಲಿ ಅವರ ‘ಮೊಸ್’, ನಮ್ಮ ‘ಆರ’ ಇರುವಲ್ಲಿ ಅವರ ‘ನ್’. ಯೊ, ತು, ಎಲ್, ಎಯಾ, ನೊಸೊತ್ರೊಸ್, ಎಯೊಸ್ ಎಂದು ನಾನು, ನೀನು, ಅವನು, ಅವಳು, ನಾವು, ಅವರು ಎಲ್ಲ ಇದ್ದಾರೆ. ಆದರೆ ಒತ್ತಿ ಹೇಳಬೇಕಾದಾಗ ಮಾತ್ರ ಬರುತ್ತಾರೆ. ‘ನಾನು ಹೋಗ್ತೀನಿ, ನೀ ಇರು’ ಎನ್ನುವಾಗ ನಾವು ಹೇಗೆ ಬಳಸುತ್ತೇವೋ ಹಾಗೆ. ಇಂಗ್ಲಿಷಿನ ರೂಢಿಯಂತೆ ಪ್ರತಿ ವಾಕ್ಯಕ್ಕೂ ‘ಯೊ’ ಹಚ್ಚಿದರೆ, ಮಾತು ಮಾತಿಗೆ ‘ನಾನು, ನಾನು’ ಎನ್ನುವ ದೊಡ್ಡಸ್ತಿಕೆಯವರಂತೆ ಕೇಳಿಸುತ್ತದೆ. ಕುಷ್ಟಗಿಯ ಹುಡುಗಿಯ ಎರಡನೆಯ ಪ್ರಶ್ನೆಗೆ ಉತ್ತರ ಇಷ್ಟೆ.

ಆ ಭಾಷೆಯ ಕ್ರಿಯಾಪದಗಳು ಮೂರು ಗುಂಪು: ‘ಆರ್’ ಎಂದು ಮುಗಿಯುವವು, ‘ಏರ್’ ಎಂದು ಮುಗಿಯುವವು, ‘ಈರ್’ ಎಂದು ಮುಗಿಯುವವು. ‘ಕೊಮೇರ್’ ಎಂದರೆ ಉಣ್ಣು: ಕೊಮೊ, ಕೊಮೆಸ್, ಕೊಮೆ, ಕೊಮೆಮೊಸ್, ಕೊಮೆನ್. ‘ಬಿಬೀರ್’ ಎಂದರೆ ಬಾಳು: ಬಿಬೊ, ಬಿಬೆಸ್, ಬಿಬೆ, ಬಿಬಿಮೊಸ್, ಬಿಬೆನ್. ನಡುವಿನ ಸ್ವರ ಬದಲಾಯಿತೇ ಹೊರತು ಒ, ಸ್, ಮೊಸ್, ನ್ ಎಂಬ ಬಾಲ ಬದಲಾಗಲಿಲ್ಲ. ಮೂರು ಕೋಷ್ಟಕ ಉರು ಹೊಡೆಯುವುದಕ್ಕಿಂತ ಈ ಒಂದು ಸಂಗತಿ ಗಮನಿಸುವುದು ಲೇಸು. ಭೂತಕಾಲದಲ್ಲಿ ಒಂದು ಎಚ್ಚರ ಬೇಕು. ಮೊದಲಕ್ಷರಕ್ಕೆ ಒತ್ತು ಕೊಟ್ಟು ‘ಆಬ್ಲೊ’ ಎಂದರೆ ಮಾತಾಡ್ತೀನಿ, ಕೊನೆಗೆ ಒತ್ತು ಕೊಟ್ಟು ‘ಆಬ್ಲೋ’ ಎಂದರೆ ಮಾತಾಡಿದ. ‘ಆಬ್ಲಾಬಾ’ ಎಂದರೆ ಮಾತಾಡ್ತಿದ್ದ. ಮಾತಾಡಿದ, ಮಾತಾಡ್ತಿದ್ದ, ಇವೆರಡರ ಭೇದ ನಮ್ಮ ಮನೆಯ ಚಿಕ್ಕ ಮಗುವಿಗೂ ಗೊತ್ತು.

‘ನಿಯಮ ತಪ್ಪುವ ಕ್ರಿಯಾಪದಗಳು ಬಹಳ ಅಂತಲ್ಲ ಸರ್’ ಎಂದು ಹೆದರುವವರಿಗೆ ಒಂದು ಮಾತು. ಬರು, ಬಂದ. ಕೊಡು, ಕೊಟ್ಟ. ಬೀಳು, ಬಿದ್ದ. ಹೋಗು, ಹೋದ. ಇವಕ್ಕೆಲ್ಲ ಯಾವ ಒಂದು ನಿಯಮವಿದೆ? ಆದರೂ ನೀವು ಕಲಿತಿದ್ದೀರಿ, ಅದೂ ಶಾಲೆಗೆ ಸೇರುವ ಮೊದಲೇ. ಹೆಚ್ಚು ಬಳಕೆಯ ಮಾತುಗಳೇ ಎಷ್ಟೋ ಭಾಷೆಗಳಲ್ಲಿ ನಿಯಮ ತಪ್ಪುವುದು.

ಮೊದಲ ಪ್ರಶ್ನೆಗೆ ಬರೋಣ. ‘ಯು ಆರ್’ ಎನ್ನುವ ಇಂಗ್ಲಿಷಿಗೆ ಗೆಳತಿಯೂ ಒಂದೇ, ಹೆಡ್ಮಾಸ್ತರರೂ ಒಂದೇ, ಹತ್ತು ಜನರೂ ಒಂದೇ. ಕನ್ನಡಕ್ಕೆ ಹಾಗಲ್ಲ, ಸ್ಪ್ಯಾನಿಷ್‌ಗೂ ಹಾಗಲ್ಲ. ಗೆಳತಿಗೆ ‘ನೀ’ ಎನ್ನುತ್ತೀರಿ, ಅಲ್ಲಿ ‘ತು’, ಅದಕ್ಕೆ ‘ಎರೆಸ್’. ಹಿರಿಯರಿಗೆ ‘ನೀವು’ ಎನ್ನುತ್ತೀರಿ, ಅಲ್ಲಿ ‘ಉಸ್ತೆದ್’, ಅದಕ್ಕೆ ‘ಎಸ್’. ಹತ್ತು ಜನರಿಗೆ ‘ಉಸ್ತೆದೆಸ್’, ಅದಕ್ಕೆ ‘ಸೊನ್’. ನಮ್ಮಲ್ಲಿ ಒಬ್ಬ ಹಿರಿಯರಿಗೂ ಹತ್ತು ಜನರಿಗೂ ‘ನೀವು’ ಒಂದೇ, ಅವರಲ್ಲಿ ಎರಡು. ಅಷ್ಟೇ ಹೆಚ್ಚುವರಿ ಕೆಲಸ. (ಸ್ಪೇನಿನಲ್ಲಿ ಗೆಳೆಯರ ಗುಂಪಿಗೆ ‘ಬೊಸೊತ್ರೊಸ್’ ಎಂಬ ಇನ್ನೊಂದು ಸರ್ವನಾಮ ಉಂಟು. ಲ್ಯಾಟಿನ್ ಅಮೆರಿಕದ ಮಾತಿನಲ್ಲಿ ಅದು ಇಲ್ಲ. ಆರಂಭದಲ್ಲಿ ಬಿಟ್ಟರೂ ನಡೆದೀತು.)

ಉಸ್ತೆದ್ ಎಂಬ ಮಾತಿನ ಹುಟ್ಟು ಸ್ವಾರಸ್ಯವಾಗಿದೆ. ‘ಬುಯೆಸ್ತ್ರಾ ಮೆರ್ಸೆದ್’, ಅಂದರೆ ‘ತಮ್ಮ ಕೃಪೆ’ ಎಂಬ ಗೌರವದ ಸಂಬೋಧನೆ ಬಾಯಿಂದ ಬಾಯಿಗೆ ಸವೆದು ಉಸ್ತೆದ್ ಆಯಿತು. ‘ತಮ್ಮ ಕೃಪೆ ಬರುತ್ತದೆ’ ಎನ್ನುವ ಲೆಕ್ಕದಲ್ಲಿ ಅದಕ್ಕೆ ‘ಅವನು, ಅವಳು’ಗಳ ಕ್ರಿಯಾಪದವೇ ಅಂಟಿಕೊಂಡಿತು. ಎದುರಿಗೇ ಕೂತವರನ್ನು ‘ಅವರು’ ಮಾಡುವುದು ಇಂಗ್ಲಿಷಿನಿಂದ ಬಂದವರಿಗೆ ವಿಚಿತ್ರ. ನಮಗೆ ಏನು ವಿಚಿತ್ರ? ಎದುರಿಗೆ ಕೂತ ಸಾಹೇಬರನ್ನೇ ‘ಸಾಹೇಬ್ರು ಚಹಾ ತಗೋತಾರೇನು?’ ಎಂದು ಕೇಳುವ ಊರು ನಮ್ಮದು. ಯಾರಿಗೆ ಯಾವುದು ಎಂಬುದು ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಸ್ಪೇನಿನಲ್ಲಿ ಇಂದು ಅಪರಿಚಿತರನ್ನೂ ಬೇಗ ‘ತು’ ಎನ್ನುತ್ತಾರೆ, ಕೊಲಂಬಿಯಾದ ಕೆಲವು ಕಡೆ ಮನೆಯೊಳಗೂ ‘ಉಸ್ತೆದ್’. ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಅವ್ವನಿಗೆ ‘ನೀ’, ಅಪ್ಪನಿಗೆ ‘ನೀವು’ ಅಲ್ಲವೆ?

ಇನ್ನು ಎಲ್ಲರೂ ಎಡವುವ ಜಾಗ. ಇಂಗ್ಲಿಷಿನ ‘ಈಸ್, ಆಮ್, ಆರ್’ಗಳಿಗೆ ಸ್ಪ್ಯಾನಿಷ್‌ನಲ್ಲಿ ಎರಡು ಕ್ರಿಯಾಪದಗಳಿವೆ: ‘ಸೇರ್’ ಮತ್ತು ‘ಎಸ್ತಾರ್’. ಮೊದಲನೆಯದರ ರೂಪ ಸೊಯ್, ಎರೆಸ್, ಎಸ್, ಸೊಮೊಸ್, ಸೊನ್. ಎರಡನೆಯದರ ರೂಪ ಎಸ್ತೊಯ್, ಎಸ್ತಾಸ್, ಎಸ್ತಾ, ಎಸ್ತಾಮೊಸ್, ಎಸ್ತಾನ್. ಯಾವುದು ಎಲ್ಲಿ? ಶಾಶ್ವತವಾದದ್ದಕ್ಕೆ ಸೇರ್, ತಾತ್ಕಾಲಿಕಕ್ಕೆ ಎಸ್ತಾರ್ ಎಂದು ಇಂಗ್ಲಿಷ್ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಹೇಳಿಕೊಡುತ್ತಾರೆ. ವಿಜ್ಞಾನದವನಾಗಿ ಹೇಳುತ್ತೇನೆ, ಇದು ಪ್ರಯೋಗದಲ್ಲಿ ನಿಲ್ಲದ ನಿಯಮ. ‘ಹಂಪಿ ಕರ್ನಾಟಕದಲ್ಲಿದೆ’ ಎನ್ನಲು ಎಸ್ತಾರ್ ಬೇಕು. ಹಂಪಿ ಎಲ್ಲಿಗಾದರೂ ಎದ್ದು ಹೋಗುತ್ತದೆಯೆ? ‘ಆತ ಸತ್ತಿದ್ದಾನೆ’ ಎನ್ನಲೂ ಎಸ್ತಾರ್. ಸಾವಿಗಿಂತ ಶಾಶ್ವತ ಯಾವುದು?

ಕನ್ನಡದ ಕಡೆಯಿಂದ ನೋಡಿ. ‘ನಾನು ಕುಷ್ಟಗಿಯವಳು’ ಎಂಬ ವಾಕ್ಯಕ್ಕೆ ಕ್ರಿಯಾಪದವೇ ಬೇಡ, ಅದು ಪೂರ್ಣ. ಅಲ್ಲಿ ಸೇರ್: ‘ಸೊಯ್ ದೆ ಕುಷ್ಟಗಿ’. ‘ನಾನು ಕೊಪ್ಪಳದಲ್ಲಿದ್ದೇನೆ’ ಎನ್ನಲು ‘ಇರು’ ಧಾತು ಬೇಕೇ ಬೇಕು. ಅಲ್ಲಿ ಎಸ್ತಾರ್: ‘ಎಸ್ತೊಯ್ ಎನ್ ಕೊಪ್ಪಳ’. ‘ಅವನು ಒಳ್ಳೆಯವನು’ ಎಂದರೆ ಸೇರ್, ‘ಅವನು ಚೆನ್ನಾಗಿದ್ದಾನೆ’ ಎಂದರೆ ಎಸ್ತಾರ್. ಹಂಪಿ ಕರ್ನಾಟಕದಲ್ಲಿ ‘ಇದೆ’, ಆತ ಸತ್ತು ‘ಇದ್ದಾನೆ’, ಸಾರು ತಣ್ಣಗೆ ‘ಇದೆ’. ಎಲ್ಲ ಕಡೆಯೂ ‘ಇರು’, ಎಲ್ಲ ಕಡೆಯೂ ಎಸ್ತಾರ್. ‘ಉಣ್ಣುತ್ತ ಇದ್ದೇನೆ’ ಎಂಬುದಕ್ಕೂ ‘ಎಸ್ತೊಯ್ ಕೊಮಿಯೆಂದೊ’, ಅದೇ ಇರು, ಅದೇ ಎಸ್ತಾರ್. ಈ ಕೀಲಿಕೈ ಎಲ್ಲ ಬೀಗಕ್ಕೂ ಬರುವುದಿಲ್ಲ. ‘ಸಭೆ ಕೊಪ್ಪಳದಲ್ಲಿದೆ’ ಎನ್ನುವಾಗ ಸ್ಪ್ಯಾನಿಷ್ ಸೇರ್ ಬಳಸುತ್ತದೆ, ನಡೆಯುವ ಘಟನೆಗೆ ಅದರ ರೀತಿ ಬೇರೆ. ‘ಎತ್ತರವಾಗಿದ್ದಾನೆ’ ಎಂದು ನಾವೆಂದರೂ ಅಲ್ಲಿ ಸೇರ್, ಅದನ್ನು ‘ಎತ್ತರದವನು’ ಎಂದು ಬದಲಿಸಿಕೊಂಡು ನೋಡಬೇಕು. ಆದರೂ ಶಾಶ್ವತ, ತಾತ್ಕಾಲಿಕ ಎಂಬ ನಿಯಮಕ್ಕಿಂತ ಇದರಲ್ಲಿ ಎಡವುವುದು ಕಡಿಮೆ.

ಇನ್ನೊಂದು ಉಡುಗೊರೆಯಿದೆ. ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬೆ ಬೆಳೆಯುವವರಿದ್ದಾರೆ. ದಾಳಿಂಬೆಗೆ ಸ್ಪ್ಯಾನಿಷ್‌ನಲ್ಲಿ ‘ಗ್ರನಾದಾ’. ಸ್ಪೇನಿನಲ್ಲಿ ಅದೇ ಹೆಸರಿನ ಒಂದು ಹಳೆಯ ಪಟ್ಟಣವೂ ಇದೆ, ಅದರ ಲಾಂಛನದಲ್ಲಿ ಈ ಹಣ್ಣೇ ಇದೆ. ‘ನನಗೆ ದಾಳಿಂಬೆ ಇಷ್ಟ’ ಎನ್ನಲು ‘ಮೆ ಗುಸ್ತಾ ಲಾ ಗ್ರನಾದಾ’. ಮೆ ಎಂದರೆ ನನಗೆ. ಕರ್ತೃವಿನ ಜಾಗದಲ್ಲಿ ‘ನಾನು’ ಅಲ್ಲ, ‘ನನಗೆ’. ನಮ್ಮ ಚತುರ್ಥೀ ವಿಭಕ್ತಿಯ ಹಾಗೆಯೇ! ಹಣ್ಣು ಹತ್ತಾದರೆ ಕ್ರಿಯಾಪದ ಹಣ್ಣಿನ ಸಂಖ್ಯೆ ಹಿಡಿಯುತ್ತದೆ: ‘ಮೆ ಗುಸ್ತಾನ್ ಲಾಸ್ ಗ್ರನಾದಾಸ್’. ‘ಐ ಲೈಕ್’ ಎಂದು ಕಲಿತವರಿಗೆ ಇದು ತಲೆಕೆಳಗಾದ ವಾಕ್ಯ. ಇಂಗ್ಲಿಷ್ ಪಠ್ಯಗಳು ಇದಕ್ಕೊಂದು ಪಾಠವನ್ನೇ ಮೀಸಲಿಡುತ್ತವೆ. ‘ನನಗ ತಲಿ ನೋಯ್ತೈತಿ’ ಎಂಬುದು ‘ಮೆ ದುಯೆಲೆ ಲಾ ಕಬೇಸಾ’, ಪದಕ್ಕೆ ಪದ ಅಲ್ಲದಿದ್ದರೂ ಎಲುಬಿಗೆ ಎಲುಬು ಹೊಂದುತ್ತದೆ. ನಿನಗೆ ಎಂಬುದಕ್ಕೆ ‘ತೆ’, ಅವನಿಗೆ, ಅವಳಿಗೆ, ತಮಗೆ ಎಂಬುದಕ್ಕೆ ‘ಲೆ’, ನಮಗೆ ಎಂಬುದಕ್ಕೆ ‘ನೊಸ್’, ಅವರಿಗೆ ಎಂಬುದಕ್ಕೆ ‘ಲೆಸ್’. ಮುಗಿಯಿತು.

ಉಚ್ಚಾರದಲ್ಲೂ ನಾವೇ ಮುಂದೆ. ಅವರ ಸ್ವರ ಐದೇ: ಅ, ಎ, ಇ, ಒ, ಉ. ತ, ದ ಎಂಬುವು ನಮ್ಮ ದಂತ್ಯಗಳೇ, ಇಂಗ್ಲಿಷಿನ ಟ, ಡ ಅಲ್ಲ. ಬರೆದದ್ದನ್ನು ಹೆಚ್ಚುಕಡಿಮೆ ಬರೆದಂತೆಯೇ ಓದುತ್ತಾರೆ. ರಕಾರ ಎರಡಿವೆ. ಮೆಲ್ಲನೆಯ ರಕಾರದ ‘ಪೆರೊ’ ಎಂದರೆ ಆದರೆ, ಗಡಸು ರಕಾರದ ‘ಪೆಱೊ’ ಎಂದರೆ ನಾಯಿ. ಹಳಗನ್ನಡದ ಶಕಟರೇಫ ಇಲ್ಲಿ ಕೆಲಸಕ್ಕೆ ಬಂತು ನೋಡಿ.

ಹಾಗಾದರೆ ಕನ್ನಡದಿಂದ ಎಲ್ಲ ಸಲೀಸೋ? ಇಲ್ಲ. ಕನ್ನಡದಲ್ಲಿ ಮೇಜು, ಪುಸ್ತಕಗಳಿಗೆ ಗಂಡು ಹೆಣ್ಣು ಇಲ್ಲ, ಅವು ನಪುಂಸಕಲಿಂಗ. ಸ್ಪ್ಯಾನಿಷ್‌ನಲ್ಲಿ ಮೇಜು (ಮೆಸಾ) ಹೆಣ್ಣು, ಪುಸ್ತಕ (ಲಿಬ್ರೊ) ಗಂಡು, ವಿಶೇಷಣವೂ ಅದರ ಹಿಂದೆಯೇ ಬದಲಾಗುತ್ತದೆ: ‘ಬುಯೆನೊ’, ‘ಬುಯೆನಾ’. ಇಲ್ಲಿ ಕೈ ಹಿಡಿಯುವುದು ಹಿಂದಿ. ‘ಅಚ್ಛಾ ಲಡಕಾ, ಅಚ್ಛೀ ಲಡಕೀ’ ಎಂದು ಬಾಯಿಪಾಠ ಮಾಡಿದ್ದು ವ್ಯರ್ಥವಲ್ಲ. ಉರ್ದು ಮನೆಮಾತಿನ ಮಕ್ಕಳಿಗೆ ಇದು ಇನ್ನೂ ಸುಲಭ. ವಾಕ್ಯದಲ್ಲಿ ಕ್ರಿಯಾಪದ ನಡುವೆ ಬರುವುದು, ‘ಅಲ್ಲಿ, ಇಂದ’ಗಳು ನಾಮಪದದ ಮುಂಚೆಯೇ ಬರುವುದು, ಇವಕ್ಕೆ ಇಂಗ್ಲಿಷ್ ಅಭ್ಯಾಸ ನೆರವಾಗುತ್ತದೆ. ‘ನನಗೆ ಹಸಿವು’ ಎನ್ನುವಲ್ಲಿ ಮಾತ್ರ ಅವರು ‘ಹಸಿವನ್ನು ಹೊಂದಿದ್ದೇನೆ’ ಎನ್ನುತ್ತಾರೆ, ‘ತೆಂಗೊ ಆಂಬ್ರೆ’. ಅಲ್ಲಿ ಕನ್ನಡವೂ ಕೈಕೊಡುತ್ತದೆ, ಇಂಗ್ಲಿಷೂ ಕೈಕೊಡುತ್ತದೆ.

ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಎರಡು ನಿಘಂಟಿನ ಕೆಲಸ ಅದರಿಂದಲೇ ಆಗಬೇಕು. ನನ್ನ ತಕರಾರು ಇಷ್ಟೆ: ಕಿಸೆಯಲ್ಲಿರುವ ನಾಲ್ಕು ಭಾಷೆಗಳಲ್ಲಿ ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಅದರಲ್ಲಿ ದುರ್ಬಲಳಾದ ಹುಡುಗಿಯನ್ನು ‘ಭಾಷೆ ಬಾರದವಳು’ ಎಂದು ತೀರ್ಮಾನಿಸುತ್ತೇವೆ. ಗಂಗಾವತಿಯ ಸುತ್ತಲಿನ ಕ್ಯಾಂಪುಗಳಲ್ಲಿ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಮಕ್ಕಳು ಎಷ್ಟಿಲ್ಲ? 1948ಕ್ಕೆ ಮೊದಲು ನಿಜಾಮರ ಆಳ್ವಿಕೆಯಲ್ಲಿ ನಮ್ಮ ಭಾಗದ ಅಜ್ಜಂದಿರು ಶಾಲೆಯಲ್ಲಿ ಉರ್ದು ಕಲಿತು, ಮನೆಗೆ ಬಂದು ಕನ್ನಡದಲ್ಲಿ ಲೆಕ್ಕ ಬರೆದವರು. ಅವರನ್ನು ಯಾರೂ ಭಾಷಾಪಂಡಿತರು ಎನ್ನಲಿಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣ, ಅಂದರೆ ನಮ್ಮ ಕೊಪ್ಪಳವೂ ಒಂದು. ಕೇಶಿರಾಜ ‘ಶಬ್ದಮಣಿದರ್ಪಣ’ ಎಂಬ ಕನ್ನಡ ವ್ಯಾಕರಣ ಬರೆದದ್ದು 13ನೇ ಶತಮಾನದಲ್ಲಿ. ಸ್ಪೇನಿನವರ ಮೊದಲ ವ್ಯಾಕರಣ, ನೆಬ್ರಿಹಾ ಎಂಬ ವಿದ್ವಾಂಸ ಬರೆದದ್ದು, ಅಚ್ಚಾದದ್ದು 1492ರಲ್ಲಿ. ಇದು ಎದೆ ತಟ್ಟಿಕೊಳ್ಳಲು ಹೇಳುವ ಮಾತಲ್ಲ. ವ್ಯಾಕರಣ ಎಂದರೆ ಇಂಗ್ಲಿಷ್ ಮೇಡಂ ತಂದ ಸಾಮಾನು ಎಂದು ತಿಳಿದ ಮಕ್ಕಳಿಗಾಗಿ ಹೇಳಿದೆ.

ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದೇವೆ, ಕನ್ನಡ ವ್ಯಾಕರಣ ಎಂಥದಕ್ಕೆ ಎನ್ನುವ ಪಾಲಕರೂ ಇದ್ದಾರೆ. ಆಖ್ಯಾತ ಪ್ರತ್ಯಯ ಯಾವುದೆಂದು ಹೆಸರಿಡಲು ಬಾರದ ಹುಡುಗನಿಗೆ ಮೇಲಿನ ಯಾವ ಕೀಲಿಕೈಯೂ ಸಿಗುವುದಿಲ್ಲ. ಮಾತು ಬಾಯಲ್ಲಿ ಇದ್ದರೆ ಸಾಲದು, ಅದರ ಕೀಲು ಎಲ್ಲಿದೆ ಎಂದು ಗೊತ್ತಿರಬೇಕು. ಒಂದು ತೊಡಕು ಮಾತ್ರ ಇದೆ. ಇಂಗ್ಲಿಷಿನ ‘ಫಸ್ಟ್ ಪರ್ಸನ್’ ನಮ್ಮ ಉತ್ತಮ ಪುರುಷ. ನಮ್ಮ ಪ್ರಥಮ ಪುರುಷ ಅವರ ‘ಥರ್ಡ್ ಪರ್ಸನ್’. ಇದನ್ನು ಮೊದಲೇ ಹೇಳಿಕೊಡದೆ ಎಷ್ಟು ಮಕ್ಕಳ ಅಂಕ ಕಳೆದಿದ್ದೇವೋ!

ಈಗ ಕುಷ್ಟಗಿಯ ತಂದೆಯವರಿಗೆ. ಸ್ಪ್ಯಾನಿಷ್ ಸುಮಾರು 20 ದೇಶಗಳ ಅಧಿಕೃತ ಭಾಷೆ. ದೂರದ ಮಾತು ಎನ್ನಬೇಡಿ. ನಮ್ಮ ನೆರೆಯ ಬಳ್ಳಾರಿ ದಾಟಿದರೆ ಅನಂತಪುರ. ಬಾರ್ಸಿಲೋನಾದಲ್ಲಿ 1920ರಲ್ಲಿ ಹುಟ್ಟಿದ ವಿಸೆಂತೆ ಫೆರೆರ್ 1969ರಲ್ಲಿ ಆ ಬರದ ಜಿಲ್ಲೆಗೆ ಬಂದು, 2009ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ದುಡಿದರು. ಅವರು ಕಟ್ಟಿದ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಸ್ಪೇನಿನ ಸಾವಿರಾರು ಮನೆಗಳಿಂದ ನೆರವು ಬಂದಿದೆ. ಹಳ್ಳಿಯ ಮಕ್ಕಳ ಪತ್ರಗಳು ಅನುವಾದವಾಗಿ ಆ ಮನೆಗಳಿಗೆ ಹೋಗಿವೆ. ಹಳ್ಳಿಗಾಡಿನ ಪದವೀಧರರಿಗೆ ವಿದೇಶೀ ಭಾಷೆ ಕಲಿಸುವ ಶಾಲೆಯನ್ನೂ ಆ ಸಂಸ್ಥೆ ನಡೆಸಿದೆ. ಅಲ್ಲಿ ಸ್ಪ್ಯಾನಿಷ್ ಕಲಿತವರು ತೆಲುಗು ನಾಡಿನ ಹಳ್ಳಿಗಳ ಮಕ್ಕಳು. ತೆಲುಗಿನ ಕ್ರಿಯಾಪದಕ್ಕೂ ನಮ್ಮ ಹಾಗೆಯೇ ಬಾಲ ಇದೆ.

ಪಿಯುಸಿ ಮುಗಿಸಿದವರಿಗೆ ಸ್ಪ್ಯಾನಿಷ್‌ನಲ್ಲಿ ಬಿ.ಎ. ಆನರ್ಸ್ ಓದಲು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾಲಯ ಇವೆ. ಎರಡೂ ಕೇಂದ್ರ ಸರ್ಕಾರದವು, ಖಾಸಗಿ ಕಾಲೇಜುಗಳಿಗೆ ಹೋಲಿಸಿದರೆ ಶುಲ್ಕ ಕಡಿಮೆ. ಆದರೆ ‘ಮೂವತ್ತು ದಿನದಲ್ಲಿ ಸ್ಪ್ಯಾನಿಷ್, ಕೈತುಂಬ ಸಂಬಳ’ ಎಂಬ ಜಾಹೀರಾತಿಗೆ ದುಡ್ಡು ಸುರಿಯಬೇಡಿ. ಭಾಷಾಜ್ಞಾನವನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಲ್ಲಿ ಅಳೆಯುತ್ತಾರೆ. ಮೂವತ್ತು ದಿನದಲ್ಲಿ ಮೊದಲ ಮೆಟ್ಟಿಲೂ ಹತ್ತಿದಂತಲ್ಲ. ಭಾಷೆಯಿಂದಲೇ ಅನ್ನ ಸಂಪಾದಿಸಬೇಕಾದರೆ ನಾಲ್ಕನೆಯದಾದರೂ ದಾಟಬೇಕು, ಅದಕ್ಕೆ ವರ್ಷಗಳು ಬೇಕು. ಸದ್ಯ ಮಗಳಿಗೆ ಬೇಕಾದದ್ದು ಒಂದು ನೋಟ್‌ಬುಕ್ಕು ಮತ್ತು ದಿನಕ್ಕೆ ಅರ್ಧ ಗಂಟೆ. ಎಡಗಡೆ ಕೊಪ್ಪಳದ ಆಡುಮಾತಿನ ವಾಕ್ಯ ಬರೆಯಲಿ, ಬಲಗಡೆ ಸ್ಪ್ಯಾನಿಷ್. ಇಂಗ್ಲಿಷನ್ನು ಕೆಳಗೆ ಬೇಕಾದರೆ ಬರೆದುಕೊಳ್ಳಲಿ.

ಈ ವಾರದ ಅಭ್ಯಾಸ ಇದು. ಅನ್ನಕ್ಕೂ ಅಕ್ಕಿಗೂ ಸ್ಪ್ಯಾನಿಷ್‌ನಲ್ಲಿ ‘ಎಲ್ ಅರ್ರೋಸ್’ ಎನ್ನುತ್ತಾರೆ. ಕೆಳಗಿನ ಮೂರು ವಾಕ್ಯಗಳನ್ನು ‘ಯೊ’ ಬಳಸದೆ ಸ್ಪ್ಯಾನಿಷ್‌ಗೆ ತಿರುಗಿಸಿ. ‘ಈಗ’ ಎಂಬುದೊಂದನ್ನು ಬಿಟ್ಟರೆ ಬೇಕಾದ ಪದಗಳೆಲ್ಲ ಮೇಲೆ ಬಂದಿವೆ.

‘ಯಲಬುರ್ಗಾದಾಂವ ಅದೀನಿ. ಈಗ ಗಂಗಾವತ್ಯಾಗ ಇದ್ದೀನಿ. ನನಗ ಅನ್ನ ಸೇರತೈತಿ.’

ಮೊದಲ ವಾಕ್ಯದ ‘ಅದೀನಿ’ ಎಂಬುದನ್ನು ತೆಗೆದರೂ ವಾಕ್ಯ ನಿಲ್ಲುತ್ತದೆಯೇ, ಎರಡನೆಯದರ ‘ಇದ್ದೀನಿ’ ತೆಗೆದರೆ ನಿಲ್ಲುತ್ತದೆಯೇ ಎಂದು ನೋಡಿಕೊಂಡು ಬರೆಯಿರಿ. ಉತ್ತರ ಮುಂದಿನ ವಾರ.